ಅಮ್ಮನ ಕೀಪ್ಯಾಡ್ ಫೋನಿಗೆ ಸಿನಿಮಾ ತುಂಬಿಸಿದ್ದು

ನಮ್ಮೂರಲ್ಲಿ ನೆಟ್‌ವರ್ಕ್ ಬೇಕಂದ್ರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಹತ್ತಿದರೂ ಅಲ್ಲೊಂದು ಹಲಸಿನ ಮರದ ಕೆಳಗೆ ಮಾತ್ರ ಎರಡು ಕಡ್ಡಿ ಸಿಗ್ನಲ್. ಅಮ್ಮ ಫೋನ್ ಮಾಡುವುದು ಅಲ್ಲಿಂದಲೇ. ಹಾಗಾಗಿ ಕುಶಲ ಗಿಶಲ ಎಲ್ಲ ಇಲ್ಲ, ನೇರ ವಿಷಯಕ್ಕೇ ಬರುತ್ತಾರೆ. ಹೋದ ವರ್ಷ ಕೊಯ್ಲು ಶುರುವಾಗುವ ಹೊತ್ತಿಗೆ ಬಂದ ಕರೆ ಇದು: "ನಾಡಿದ್ದಿಂದ ಅಡಿಕೆ ಸುಲಿಯೋದು. ರಾತ್ರಿ ಹನ್ನೊಂದರವರೆಗೆ ಕೂರಬೇಕು. ಊರಿಗೆ ಬರುವಾಗ ನನ್ನ ಫೋನಿಗೆ ಹಳೇ ಸಿನಿಮಾ ಎಂಥಾದ್ರೂ ಹಾಕ್ಕೊಂಡು ಬಾ ಮಾರಾಯ."

ಅವರ ಫೋನ್ ಅಂದರೆ ಕೀಪ್ಯಾಡ್ ಫೋನ್. 2.4 ಇಂಚಿನ ಪರದೆ, 240 ಅಡ್ಡ, 320 ಉದ್ದ. ಟಚ್ ಫೋನ್ ಕೊಡಿಸ್ತೀನಿ ಅಂತ ಎಷ್ಟು ಸಲ ಹೇಳಿದರೂ ಒಪ್ಪಿಲ್ಲ. ಅದಕ್ಕೆ ಅವರ ಕಾರಣ ಕೇಳಿದ ಮೇಲೆ ನಾನೂ ಸುಮ್ಮನಾದೆ. ಹಸಿ ಅಡಿಕೆ ಸುಲಿಯುವ ಕೈಯೆಲ್ಲ ಕರೆ. ಆ ಕರೆ ಮೆತ್ತಿದ ಬೆರಳಿಟ್ಟರೆ ಟಚ್ ಫೋನ್ ಜಪ್ಪಯ್ಯ ಅಂದರೂ ಅಲುಗಾಡಲ್ಲ. ಕೀಪ್ಯಾಡ್ ಆದರೆ ಬೆರಳಿನ ಗೆಣ್ಣಿನಲ್ಲೇ ಒತ್ತಬಹುದು. ಮೊದಲೆಲ್ಲ ಸುಲಿಯುವ ಹೊತ್ತಿಗೆ ಭದ್ರಾವತಿ ಆಕಾಶವಾಣಿ ಹಾಡುತ್ತಿತ್ತು. ಆ ರೇಡಿಯೋ ಕೆಟ್ಟು ಅಟ್ಟ ಸೇರಿದ ಮೇಲೆ ಜಗಲಿಯಲ್ಲಿ ಬರೀ ಕತ್ತಿಯ ಸದ್ದು, ಊರ ಸುದ್ದಿ.

ನನಗೆ ಇದೊಂದು ಕೆಲಸವೇ ಅನ್ನಿಸಲಿಲ್ಲ. ಯಾಕಂದ್ರೆ ಸಣ್ಣ ಪರದೆಗೆ ಸಿನಿಮಾ ಇಳಿಸುವ ಹುಚ್ಚು ನನಗೆ ಹಳೇದು. 2008ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸೆಕೆಂಡ್ ಹ್ಯಾಂಡ್ ಪಿಎಸ್‌ಪಿ ಒಂದನ್ನು ಕೊಂಡಿದ್ದೆ. ಸೋನಿಯವರು 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮೊದಲು ಬಿಟ್ಟ ಆಟದ ಯಂತ್ರ. 4.3 ಇಂಚಿನ, 480×272ರ ಪರದೆ, ಆ ಕಾಲಕ್ಕೆ ಕಣ್ಣಿಗೆ ಹಬ್ಬ. ಆಟ ಆಡಿದ್ದು ಕಡಿಮೆ, ಮೆಜೆಸ್ಟಿಕ್‌ನಿಂದ ತೀರ್ಥಹಳ್ಳಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಸಿನಿಮಾ ನೋಡಿದ್ದೇ ಜಾಸ್ತಿ. ಹಳೇ ಸಾಫ್ಟ್‌ವೇರ್ ಇದ್ದ ಯಂತ್ರದಲ್ಲಿ ಅದರ ದರ್ಬಾರು ನೋಡಬೇಕಿತ್ತು. ಫೈಲಿಗೆ ನಮಗೆ ಬೇಕಾದ ಹೆಸರಿಡುವ ಹಾಗಿಲ್ಲ. ಎಂಪಿ ರೂಟ್ ಅಂತೊಂದು ಫೋಲ್ಡರ್, ಅದರೊಳಗೆ ಇನ್ನೊಂದು, ಅದರೊಳಗೆ ಎಂ4ವಿ ಅಂತ ಬರೆದು ಐದಂಕಿಯ ನಂಬರ್ ಕೊಟ್ಟರೆ ಮಾತ್ರ ಮಹಾರಾಯನಿಗೆ ಸಿನಿಮಾ ಕಾಣಿಸುವುದು. ನನ್ನ ಕಂಪ್ಯೂಟರಿನಲ್ಲಿ ಒಂದು ಸಿನಿಮಾವನ್ನು ಆ ಅಳತೆಗೆ ಇಳಿಸೋಕೆ ಇಡೀ ರಾತ್ರಿ ಬೇಕು. ಮಲಗುವ ಮುಂಚೆ ಹಚ್ಚಿಟ್ಟು, ಬೆಳಿಗ್ಗೆ ಎದ್ದು ನೋಡಿದರೆ ಮೂರು ಗಂಟೆಗೆ ಕರೆಂಟು ಹೋಗಿ 71 ಪರ್ಸೆಂಟಿಗೆ ನಿಂತಿರೋದು. ಯುಪಿಎಸ್ ಇರಲಿಲ್ಲ. ಆ 71 ಇವತ್ತಿಗೂ ನೆನಪಿದೆ.

ಇಷ್ಟೆಲ್ಲ ಮಾಡಿದವನಿಗೆ ಕೀಪ್ಯಾಡ್ ಫೋನ್ ಯಾವ ಲೆಕ್ಕ ಅಂದುಕೊಂಡೆ. ಅಮ್ಮನದೇ ಮಾಡೆಲ್ಲಿನ ಫೋನ್ ಒಂದು ನಮ್ಮ ಆಫೀಸಿನ ಸೆಕ್ಯುರಿಟಿ ಅಣ್ಣನ ಹತ್ತಿರ ಇತ್ತು. ಟೀ ಕುಡಿಸಿ, ಅರ್ಧ ಗಂಟೆಗೆ ಎರವಲು ಪಡೆದು, ಕಾರ್ಡಿಗೆ ಒಂದು ಸಿನಿಮಾ ಹಾಕಿ ಸಿಗಿಸಿದೆ. ಈ ಫೈಲ್ ನಡೆಯುವುದಿಲ್ಲ ಅಂತು. ಸರಿ, ನಡೆಯಲ್ಲ ಅಂತ ನನಗೂ ಗೊತ್ತಿತ್ತು. ಈಗಿನ ಫುಲ್ ಎಚ್‌ಡಿ ಚಿತ್ರದ ಒಂದು ಫ್ರೇಮಿನಲ್ಲಿ 20,73,600 ಚುಕ್ಕಿ. ಈ ಫೋನಿನ ಪರದೆಯಲ್ಲಿರುವುದು 76,800. ಸರಿಯಾಗಿ 27 ಪಟ್ಟು. ಬೆಳ್ಳುಳ್ಳಿ ಕುಟ್ಟುವ ಕುಟ್ಟಾಣಿಯಲ್ಲಿ ಭತ್ತ ಕುಟ್ಟಿ ಅಂದ ಹಾಗೆ. ಆದರೆ 320×240ಕ್ಕೆ ಇಳಿಸಿ ಕೊಟ್ಟರೂ ಅದೇ ಉತ್ತರ ಬಂದಾಗ ಮಾತ್ರ ತಲೆ ಕೆರೆದುಕೊಂಡೆ.

ತಕರಾರು ಗಾತ್ರದ್ದಲ್ಲ, ವಿಡಿಯೋವನ್ನು ಒತ್ತಿ ಸಣ್ಣದು ಮಾಡಿ ಮತ್ತೆ ಬಿಚ್ಚುವ ಪದ್ಧತಿಯದು, ಅಂದರೆ ಕೋಡೆಕ್‌ದು. ನಾವು ಈಗ ನೋಡುವ ವಿಡಿಯೋದಲ್ಲಿ ಬಹುಪಾಲು ಎಚ್.264, 2003ರಲ್ಲಿ ಬಂದ ಪದ್ಧತಿ. ಕಡಿಮೆ ಜಾಗದಲ್ಲಿ ಚೆಂದದ ಚಿತ್ರ ಕೊಡುತ್ತದೆ, ಆದರೆ ಬಿಚ್ಚುವಾಗ ಚಿಪ್ಪಿಗೆ ಲೆಕ್ಕ ಜಾಸ್ತಿ. ಸಾವಿರ ಚಿಲ್ಲರೆ ರೂಪಾಯಿಯ ಫೋನಿನ ಚಿಪ್ಪಿಗೆ ಅದು ಬರಲ್ಲ. ಅದಕ್ಕೆ ಬರುವುದು ಅದರ ಹಿಂದಿನ ತಲೆಮಾರಿನವು.

ಹಾಗಾದರೆ 3ಜಿಪಿ ಫೈಲ್ ಮಾಡೋಣ ಅಂತ ಹೊರಟೆ. ನೋಕಿಯಾ ಕಾಲದಲ್ಲಿ ಮೊಬೈಲ್ ಅಂಗಡಿಗೆ ಹೋಗಿ ಕಾರ್ಡ್ ಕೊಟ್ಟು, "ಹೊಸ ಹಾಡು ತುಂಬಿಸಿ ಅಣ್ಣ" ಅಂತಿದ್ದೆವಲ್ಲ, ಆಗ ಜೊತೆಗೆ ಬರುತ್ತಿದ್ದ ವಿಡಿಯೋಗಳು ಇವೇ. ಇದರೊಳಗಿನ ಚಿತ್ರದ ಪದ್ಧತಿ ಎಚ್.263ಗೆ ಮಡಿ ಜಾಸ್ತಿ. 128×96, 176×144, 352×288, ಹೀಗೆ ಐದೇ ಐದು ಅಳತೆ ಬಿಟ್ಟು ಬೇರೆ ಮುಟ್ಟಲ್ಲ. 320×240 ಕೊಟ್ಟರೆ ವಿಡಿಯೋ ಬದಲಿಸುವ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅಂತು. 176×144ಕ್ಕೆ ಇಳಿಸಿದೆ. ನಡೆಯಿತು! ಚಿತ್ರ ಏನೋ ಪರವಾಗಿಲ್ಲ, ಹಾಡು ಶುರುವಾದಾಗ ಮಾತ್ರ ಕೇಳೋಕಾಗಲಿಲ್ಲ. ಅದರ ಜೊತೆ ಬರುವ ಎಎಂಆರ್ ಅನ್ನುವ ಧ್ವನಿ ಪದ್ಧತಿ ಫೋನಿನ ಮಾತುಕತೆಗೆ ಅಂತ ಮಾಡಿದ್ದು. ಸೆಕೆಂಡಿಗೆ ಎಂಟು ಸಾವಿರ ಸಲ ಸದ್ದಿನ ಅಳತೆ ತೆಗೆದು, ಹೆಚ್ಚಂದರೆ 12.2 ಕಿಲೋಬಿಟ್‌ನಲ್ಲಿ ಮುಗಿಸಿಬಿಡುತ್ತದೆ. ಮನುಷ್ಯರ ಮಾತಿಗೆ ಅದು ಸಾಕು. ಪಿಟೀಲು, ಕೊಳಲು ಬಂದರೆ ತಾಮ್ರದ ಕೊಡದೊಳಗೆ ಕೂತು ಯಾರೋ ಗೊಣಗಿದ ಹಾಗಿರುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಎವಿಐ ಅನ್ನುವ ಇನ್ನೊಂದು ಬಗೆಯ ಫೈಲ್. ಚಿತ್ರಕ್ಕೆ ಹಳೇ ಎಂಪೆಗ್-4, ಅಂದರೆ ಒಂದು ಕಾಲದಲ್ಲಿ ಡಿವ್‌ಎಕ್ಸ್, ಎಕ್ಸ್‌ವಿಡ್ ಅಂತ ಸೀಡಿಯಲ್ಲಿ ಸಿಗುತ್ತಿದ್ದ ಮಾಲು. ಧ್ವನಿಗೆ ಎಂಪಿ3. ಹ್ಯಾಂಡ್‌ಬ್ರೇಕ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬಹಳ ಜನಕ್ಕೆ ಪರಿಚಯ, ಬಟನ್ ಒತ್ತಿದರೆ ಆಯ್ತು, ಆದರೆ ಅದು ಎವಿಐ ಕೊಡುವುದನ್ನು 2009ರಲ್ಲೇ ಬಿಟ್ಟಿದೆ. ಹಾಗಾಗಿ ಎಫ್‌ಎಫ್‌ಎಂಪೆಗ್ ಒಂದೇ ಗತಿ. ಎಲ್ಲ ಸರಿಯಾಗಿ ಮಾಡಿ ಹಾಕಿದೆ. ಮತ್ತೆ ನಡೆಯಲ್ಲ! ಎರಡು ಸಂಜೆ ಇದರಲ್ಲೇ ಹೋಯಿತು, ಸೆಕ್ಯುರಿಟಿ ಅಣ್ಣನಿಗೆ ಟೀ ಜೊತೆ ಬನ್ನೂ ಸೇರಿತು. ಆಮೇಲೆ ಗೊತ್ತಾಗಿದ್ದು ಇಷ್ಟು: ಎವಿಐ ಫೈಲಿನ ತಲೆಯಲ್ಲಿ ಒಳಗಿರುವ ಚಿತ್ರ ಯಾವ ಜಾತಿ ಅಂತ ಹೇಳುವ ನಾಲ್ಕು ಅಕ್ಷರ ಇರುತ್ತದೆ. ಎಫ್‌ಎಫ್‌ಎಂಪೆಗ್ ಅಲ್ಲಿ ತನ್ನದೇ ಗುರುತು ಹಾಕುತ್ತದೆ. ಫೋನಿಗೆ ಆ ಹೆಸರು ಗೊತ್ತಿಲ್ಲ, ಒಳಗೆ ಇಣುಕಿಯೂ ನೋಡದೆ ಬಾಗಿಲಲ್ಲೇ ವಾಪಸ್ ಕಳಿಸುತ್ತದೆ. ಎಕ್ಸ್‌ವಿಡ್ ಅಂತ ನಾಲ್ಕಕ್ಷರ ಬದಲಿಸಿದೆ, ಒಳಗಿನ ಒಂದು ಚುಕ್ಕಿಯನ್ನೂ ಮುಟ್ಟಲಿಲ್ಲ. ಟಕ್ ಅಂತ ಸಿನಿಮಾ ಶುರು.

ಆಮೇಲಿನದು ಲೆಕ್ಕದ ಕೆಲಸ, ಅದು ನನಗೆ ಖುಷಿ. ಎಷ್ಟು ಜಾಗ ಬೇಕು ಅನ್ನೋಕೆ ದೊಡ್ಡ ವಿದ್ಯೆ ಏನೂ ಬೇಡ, ಸೆಕೆಂಡಿಗೆ ಎಷ್ಟು ಬಿಟ್ ಅನ್ನುವುದನ್ನು ಸಿನಿಮಾದ ಸೆಕೆಂಡುಗಳಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಮುಗೀತು. ಎರಡೂವರೆ ಗಂಟೆ ಅಂದರೆ 9,000 ಸೆಕೆಂಡು. ನಮ್ಮ ಮನೆಯಲ್ಲಿದ್ದ ಹಳೇ ವಿಸಿಡಿಗಳಲ್ಲಿ ಚಿತ್ರಕ್ಕೆ 1,150, ಧ್ವನಿಗೆ 224 ಕಿಲೋಬಿಟ್, ಸಿನಿಮಾ ಒಂದಕ್ಕೆ ಒಂದೂವರೆ ಜಿಬಿ. ನಾನು ಎರಡೂ ಸೇರಿ 350ಕ್ಕೆ ಇಳಿಸಿದೆ. 394 ಎಂಬಿ. 8 ಜಿಬಿ ಕಾರ್ಡಿನಲ್ಲಿ ಹತ್ತಿರ ಹತ್ತಿರ 20 ಸಿನಿಮಾ. (ಮೊದಲು 32 ಜಿಬಿಯ ಕಾರ್ಡೇ ತಂದಿದ್ದೆ, ಫುಟ್‌ಪಾತಿನಲ್ಲಿ, ಅರ್ಧ ರೇಟಿಗೆ. ನಾಲ್ಕು ಜಿಬಿ ತುಂಬಿದ ಮೇಲೆ ಹೊಸ ಫೈಲುಗಳು ಹಳೇದರ ಮೇಲೇ ಕೂತುಕೊಂಡವು. ಅದರ ಬಗ್ಗೆ ಜಾಸ್ತಿ ಮಾತಾಡೋದು ಬೇಡ.)

ಚಿತ್ರದ ಆಕಾರದಲ್ಲಿ ಎಡವುವವರು ಬಹಳ. ಡಿವಿಡಿಯ ಫ್ರೇಮ್ 720×576 ಅಂತ ಇರುತ್ತದೆ, ಅದೇ ಅನುಪಾತದಲ್ಲಿ ಇಳಿಸಿದರೆ ನಾಯಕನ ಮುಖ ಸೋರೆಕಾಯಿ. ಆ ಚುಕ್ಕಿಗಳು ಚೌಕ ಅಲ್ಲ, ತೋರಿಸುವಾಗ ಅಡ್ಡಕ್ಕೆ ಹಿಗ್ಗಬೇಕು. ಇದು ಗೊತ್ತಿದ್ದರೆ ಸಾಕು. ದೊಡ್ಡ ತಲೆನೋವು ಸ್ಕೋಪ್, ಅಂದರೆ ಅಗಲ ಪರದೆಯ ಸಿನಿಮಾಗಳದು. 2.35ಕ್ಕೆ 1ರ ಚಿತ್ರವನ್ನು ಪೂರ್ತಿ ಉಳಿಸಿಕೊಂಡರೆ 320×136ರ ಒಂದು ಪಟ್ಟಿ ಉಳಿಯುತ್ತದೆ. ಅಮ್ಮನ ಫೋನನ್ನು ಅಡ್ಡ ಹಿಡಿದರೆ ಅದರ ಎತ್ತರ ಎರಡು ಸೆಂಟಿಮೀಟರ್, ರವಿಕೆಯ ಅಂಚಿನಷ್ಟು. ಪೂರ್ತಿ ಪರದೆ ತುಂಬಿಸೋಣ ಅಂದರೆ ಚಿತ್ರದ ನೂರಕ್ಕೆ 43 ಭಾಗ ಆಚೀಚೆ ಕತ್ತರಿಸಬೇಕು, ಇಬ್ಬರು ಮಾತಾಡುತ್ತಿದ್ದರೆ ಇಬ್ಬರೂ ಹೊರಗೆ, ನಡುವಿನ ಹೂಕುಂಡ ಮಾತ್ರ ಒಳಗೆ. ನಾನು ನಡುವೆ ನಿಂತೆ. 320×192. ನೂರಕ್ಕೆ 29 ಹೋಗುತ್ತದೆ, ಹೋಗಲಿ. ಹಾಡಿನಲ್ಲಿ ಸಾಲಿನ ತುದಿಯಲ್ಲಿ ಕುಣಿಯುವ ಇಬ್ಬರಿಗೆ ಅನ್ಯಾಯ ಆಯಿತು ಅಷ್ಟೆ. ಸೆಕೆಂಡಿಗೆ 25 ಫ್ರೇಮ್ ಕೊಟ್ಟರೆ ಫೋನ್ ಏದುಸಿರು ಬಿಟ್ಟಿತು, ಹನ್ನೆರಡೂವರೆ ಮಾಡಿದೆ. 15 ಯಾಕಲ್ಲ ಅಂದರೆ, 25ರಲ್ಲಿ 15 ಆರಿಸುವಾಗ ಒಮ್ಮೆ ಒಂದು, ಒಮ್ಮೆ ಎರಡು ಅಂತ ಹೆಜ್ಜೆ ತಪ್ಪಿ ಚಿತ್ರ ಕುಂಟುತ್ತದೆ. ಒಂದು ಬಿಟ್ಟು ಒಂದು ತೆಗೆದರೆ ಸಮ ಹೆಜ್ಜೆ.

ಹೀಗೆ 18 ಸಿನಿಮಾ ತುಂಬಿಸಿಕೊಂಡು ಬೀಗುತ್ತಾ ಊರಿಗೆ ಹೋದೆ. ಊಟ ಮುಗಿಸಿ ಜಗಲಿಯಲ್ಲಿ ಅಮ್ಮ, ಪಕ್ಕದ ಮನೆ ಅತ್ತೆ, ಡಬ್ಬಿ ಲೆಕ್ಕಕ್ಕೆ ಸುಲಿಯಲು ಬಂದ ನಾಲ್ಕು ಜನ ಕೂತರು. ಫೋನನ್ನು ಅಡಿಕೆ ಬುಟ್ಟಿಗೆ ಒರಗಿಸಿ ಹಾಕಿದೆ. ಐದು ನಿಮಿಷಕ್ಕೆ ಅಮ್ಮ, "ಇವ್ರು ಎಂಥ ಮಾತಾಡ್ತಿದಾರೋ? ಬರೀ ಬಾಯಿ ಆಡ್ಸಿದಂಗೆ ಕಾಣ್ತದೆ." ವಾಲ್ಯೂಮ್ ಪೂರ್ತಿ ಇಟ್ಟಿದ್ದೆ. ಅಷ್ಟರಲ್ಲಿ ಹೊಡೆದಾಟ ಬಂತು, ಕೊಟ್ಟಿಗೆಯಲ್ಲಿದ್ದ ದನ ಎದ್ದು ನಿಂತಿತು. ಆಮೇಲೆ ಮತ್ತೆ ಪಿಸುಪಿಸು.

ಆಗ ನಾನೊಂದು ವಿಷಯ ಗಮನಿಸಿದೆ, ಇಷ್ಟು ವರ್ಷ ಈ ಹುಚ್ಚಿಗೆ ಬಿದ್ದವನು ಗಮನಿಸದೇ ಇದ್ದದ್ದು. ಅವರು ಯಾರೂ ಫೋನ್ ನೋಡುತ್ತಿರಲಿಲ್ಲ. ನೋಡುವ ಹಾಗೇ ಇಲ್ಲ. ಕತ್ತಿ ನಿಂತಿರುತ್ತದೆ, ಎರಡೂ ಕೈಯಲ್ಲಿ ಅಡಿಕೆ, ಕಣ್ಣು ಆಚೆ ಈಚೆ ಹೋದರೆ ಹೆಬ್ಬೆರಳು ಹೋಯಿತು. ಬುಟ್ಟಿಗೆ ಕೈ ಹಾಕುವಾಗ ಒಂದು ಸಲ ಪರದೆ ಕಡೆ ನೋಡಿ, ಯಾರು ಮಾತಾಡಿದ್ದು ಅಂತ ಖಾತ್ರಿ ಮಾಡಿಕೊಂಡು ಮತ್ತೆ ತಲೆ ತಗ್ಗಿಸುತ್ತಿದ್ದರು. ನಾನು ಸ್ಕೋಪು, ಸಮ ಹೆಜ್ಜೆ ಅಂತ ಎರಡು ವಾರ ಒದ್ದಾಡಿದ್ದು ಆ ಒಂದು ನೋಟಕ್ಕೆ. ಧ್ವನಿಗೆ ಮಾತ್ರ "ಎಂಪಿ3, 64" ಅಂತ ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ಪರೀಕ್ಷೆ ಮಾಡಿದ್ದೂ ಬೆಂಗಳೂರಿನಲ್ಲಿ, ರೂಮಿನ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು.

ಕಾರಣ ಇದು. ನಾನು ತೆಗೆದುಕೊಂಡ ಡಿವಿಡಿಗಳಲ್ಲಿ ಧ್ವನಿ 5.1, ಅಂದರೆ ಆರು ಬೇರೆ ಬೇರೆ ಕಾಲುವೆ. ಮಾತು ಹೆಚ್ಚಾಗಿ ನಡುವಿನ ಒಂದರಲ್ಲಿ ಹರಿಯುತ್ತದೆ, ಸಂಗೀತ, ಗುದ್ದಾಟ, ಗುಡುಗು ಉಳಿದವುಗಳಲ್ಲಿ. ಸುಮ್ನೆ ಎರಡಕ್ಕೆ ಇಳಿಸು ಅಂದರೆ ಎಫ್‌ಎಫ್‌ಎಂಪೆಗ್ ಅವನ್ನು ಲೆಕ್ಕದ ಪ್ರಕಾರ ಬೆರೆಸಿ, ಸದ್ದು ಒಡೆಯಬಾರದು ಅಂತ ಒಟ್ಟಾರೆ ತಗ್ಗಿಸುತ್ತದೆ. ಥಿಯೇಟರಿನಲ್ಲಿ ಮಾತಿಗೆ ಒಂದು ಸ್ಪೀಕರ್ ಇರುತ್ತದೆ. ಇಲ್ಲಿ ಇರುವುದೇ ಬಟನ್ ಗಾತ್ರದ್ದು ಒಂದು, ಅದರಲ್ಲಿ ಮಾತು ಬಡಪಾಯಿ ಆಗುತ್ತದೆ. ಅದರ ಮೇಲೆ ಆ ಸ್ಪೀಕರಿಗೆ ತಗ್ಗಿನ ಸದ್ದು ಹೊರಡಿಸುವ ತಾಕತ್ತೇ ಇಲ್ಲ, ತಬಲಾ, ಡ್ರಮ್ಮು ಕೊಟ್ಟರೆ ಕರಕರ ಅನ್ನುತ್ತದೆ.

ಮಾರನೇ ದಿನ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ನಡುವಿನ ಕಾಲುವೆ ಪೂರ್ತಿ, ಎಡ ಬಲದ್ದು ಮೂರನೇ ಒಂದು ಭಾಗ, ಹಿಂದಿನವು ಮತ್ತು ಗುಡುಗಿನದು ಬೇಡವೇ ಬೇಡ, ಎಲ್ಲ ಸೇರಿಸಿ ಒಂದೇ ಮೋನೋ. 250 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿದೆ. ಪಿಸುಮಾತನ್ನು ಮೇಲೆತ್ತಿ ಕೂಗಾಟವನ್ನು ತಗ್ಗಿಸುವ ಫಿಲ್ಟರ್ ಒಂದಿದೆ, ಅದನ್ನು ಹಾಕಿದೆ. ಹಾಡುಗಳ ಗತ್ತು ಸ್ವಲ್ಪ ಹೋಯಿತು, ನಿಜ, ಹೆಡ್‌ಫೋನಿನಲ್ಲಿ ಕೇಳಿದರೆ ಚಪ್ಪಟೆ. ಹೆಡ್‌ಫೋನ್ ಹಾಕಿ ಕೇಳುವವರು ಆ ಜಗಲಿಯಲ್ಲಿ ಯಾರೂ ಇಲ್ಲ. ಚಿತ್ರವನ್ನು ಮತ್ತೆ ಮುಟ್ಟಬೇಕಿರಲಿಲ್ಲ, ಧ್ವನಿ ಮಾತ್ರ ಬದಲಿಸಿದ್ದರಿಂದ ಹದಿನೆಂಟೂ ಸಂಜೆಯೊಳಗೆ ಮುಗಿದವು.

ಉಳಿದದ್ದನ್ನು ಅಮ್ಮನೇ ಸರಿ ಮಾಡಿದರು. ಫೋನಿನ ಸ್ಪೀಕರ್ ಬೆನ್ನಿನಲ್ಲಿದೆ, ಬುಟ್ಟಿಗೆ ಒರಗಿಸಿದರೆ ಬಾಯಿ ಮುಚ್ಚಿದ ಹಾಗೆ. ಅವರು ಒಂದು ಸ್ಟೀಲ್ ಚೊಂಬು ತಂದು ಫೋನನ್ನು ಅದರೊಳಗೆ ಇಳಿಬಿಟ್ಟರು. ಚೊಂಬಿನೊಳಗಿಂದ ಮಾತು ಖಣಖಣ ಅಂತ ಇಡೀ ಜಗಲಿಗೆ ಕೇಳಿತು. ಸಿನಿಮಾ ಮಾತ್ರ ಈಗ ಅರ್ಧ ಚೊಂಬಿನೊಳಗೆ, ಅದೂ ಅಡ್ಡಕ್ಕೆ ಮಲಗಿಕೊಂಡು ನಡೆಯುತ್ತಿತ್ತು.

ಆ ಫೋನಿನಲ್ಲಿ ಕನ್ನಡದ ಫೈಲ್ ಹೆಸರು ಚೌಕ ಚೌಕ ಕಾಣುತ್ತದೆ ಅಂತ ಸಿನಿಮಾಗಳಿಗೆ ನಂಬರ್ ಕೊಟ್ಟಿದ್ದೆ. ಈಗ ಅದೇ ಹೆಸರಾಗಿ ನಿಂತಿದೆ. "ನಿನ್ನೆ ಹದಿನಾಲ್ಕು ಮತ್ತೆ ಕೇಳಿದ್ವಿ, ಅತ್ತೆ ಮತ್ತೆ ಅತ್ತಳು" ಅಂತ ಹಲಸಿನ ಮರದ ಕೆಳಗಿಂದ ವರದಿ ಬರುತ್ತದೆ. ನೋಡಿದ್ವಿ ಅನ್ನುವುದಿಲ್ಲ, ಕೇಳಿದ್ವಿ.

ಈ ಸಲದ ಕೊಯ್ಲಿಗೂ ಪಟ್ಟಿ ಬಂದಿದೆ. ಸಿನಿಮಾ ಸಾಕಂತೆ, ತಾಳಮದ್ದಳೆ ಬೇಕಂತೆ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಹಾಡು ಮತ್ತು ಮಾತು ಅಷ್ಟೇ. ಲೆಕ್ಕ ಹಾಕಿ ನೋಡಿದೆ. ಆರು ಗಂಟೆಯ ಪ್ರಸಂಗ, 64 ಕಿಲೋಬಿಟ್, ಮೋನೋ: 173 ಎಂಬಿ. ಚೊಂಬು ಅವರ ಹತ್ತಿರ ಇದ್ದೇ ಇದೆ.