ಗ್ರೂಪ್ ಫೋಟೋದಲ್ಲಿ ನಾನು ಬದಲಾಯಿಸಿದ ಎರಡು ಮುಖಗಳು

ಕಳೆದ ಮೇ ತಿಂಗಳಲ್ಲಿ, ಮದುವೆ ಸೀಸನ್ನಿನ ನಡುವೆ, ಯಲ್ಲಾಪುರದ ಕಡೆಯ ಸಿದ್ದಿ ಕುಟುಂಬವೊಂದರ ಆಲ್ಬಮ್ ನನ್ನ ಕೈಗೆ ಬಂತು. ಶಿರಸಿಯ ಸ್ಟುಡಿಯೋ ಒಂದರಲ್ಲಿ 12 ವರ್ಷಗಳಿಂದ ನಾನು ಕಲರ್ ಕರೆಕ್ಷನ್ ಮತ್ತು ಆಲ್ಬಮ್ ಡಿಸೈನ್ ಮಾಡುತ್ತಿದ್ದೇನೆ. ಆ ವಾರ ನಾಲ್ಕು ಮದುವೆಗಳ ಫೈಲುಗಳು ಬಾಕಿಯಿದ್ದವು. ಶನಿವಾರದೊಳಗೆ ಹುಬ್ಬಳ್ಳಿಯ ಲ್ಯಾಬಿಗೆ ಹೋಗಲೇಬೇಕೆಂದು ಮಾಲೀಕರು ಎರಡು ಸಲ ಬಂದು ಹೇಳಿದ್ದರು. ಎಂದಿನಂತೆ ‘ಬ್ರೈಡಲ್ ಗ್ಲೋ’ ಎಂಬ ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ತಿದ್ದುಪಡಿ) ಹಾಕಿ, ವಧೂವರರ ಮುಖ, ಕುತ್ತಿಗೆ, ಕೈಗಳಿಗೆ ಮಾಸ್ಕ್ ಎಳೆದು, ಅಂದರೆ ಆ ಭಾಗಗಳನ್ನಷ್ಟೇ ಗುರುತಿಸಿಕೊಂಡು, ಬಣ್ಣವನ್ನು ಸಾಕಷ್ಟು ತಿಳಿಗೊಳಿಸಿ ಕಳುಹಿಸಿಬಿಟ್ಟೆ. ಅವರನ್ನೊಮ್ಮೆ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕೇಳದೆಯೇ ಮಾಡಿಕೊಡುವುದು ಒಳ್ಳೆಯ ಸೇವೆ ಎಂದು ನಾನು ಮನಸಾರೆ ನಂಬಿದ್ದೆ.

ಆಲ್ಬಮ್ ಒಯ್ಯಲು ಹುಡುಗಿ ತನ್ನ ತಂದೆಯೊಂದಿಗೆ ಬಂದಳು. ಮೊದಲ ಹತ್ತು ಹಾಳೆಗಳನ್ನು ಮಾತಿಲ್ಲದೆ ತಿರುವಿದಳು. ಆ ಮೌನವನ್ನು ಮೆಚ್ಚುಗೆಯೆಂದು ತಿಳಿದು ನಾನು ಅರಿಶಿನ ಶಾಸ್ತ್ರದ ಪುಟದ ಡಿಸೈನನ್ನು ವಿವರಿಸತೊಡಗಿದೆ. ಕುಟುಂಬದ ಗ್ರೂಪ್ ಫೋಟೋ ಬಂದಾಗ ಅವಳ ಕೈ ನಿಂತಿತು. ಸುಮಾರು 30 ಜನರಿದ್ದ ಆ ಚಿತ್ರದಲ್ಲಿ, ಸಮಯವಿಲ್ಲದ ಕಾರಣ, ನಾನು ಮಾಸ್ಕ್ ಎಳೆದದ್ದು ವಧೂವರರಿಗೆ ಮಾತ್ರ. ತಂದೆ ಬೆರಳನ್ನು ಮಗಳ ಮುಖದ ಮೇಲಿಟ್ಟರು, ಬಳಿಕ ಪಕ್ಕದಲ್ಲಿದ್ದ ತಮ್ಮ ಮುಖದ ಮೇಲಿಟ್ಟರು, ಏನೂ ಹೇಳದೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಅಕ್ಕಾ, ಇದರಲ್ಲಿ ನಾನು ಅಪ್ಪನ ಮಗಳ ಹಾಗೆ ಕಾಣುವುದಿಲ್ಲ” ಎಂದಳು ಅವಳು.

ಆ ಕ್ಷಣದಲ್ಲಿ ಕ್ಷಮೆ ಕೇಳಿದ್ದರೆ ಅರ್ಧ ತಪ್ಪಾದರೂ ತೊಳೆದುಹೋಗುತ್ತಿತ್ತು. ನಾನು, “ಎಲ್ಲ ಮದುಮಕ್ಕಳಿಗೂ ಹೀಗೇ ಮಾಡುತ್ತೇವಮ್ಮ, ಚೆನ್ನಾಗಿ ಕಾಣಲಿ ಎಂದು” ಎಂದುಬಿಟ್ಟೆ. ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಬಸ್ಸಿನಲ್ಲಿ ಇಂದಿಗೂ ಯಾವ ದೇಶದವಳೆಂದು ಕೇಳುತ್ತಾರೆ, ಕನ್ನಡದಲ್ಲಿ ಉತ್ತರಿಸಿದರೆ ಕನ್ನಡ ಎಲ್ಲಿ ಕಲಿತೆ ಎನ್ನುತ್ತಾರೆ ಎಂದು ಹೇಳಿ, “ನನ್ನ ಮದುವೆಯ ಆಲ್ಬಮ್‌ನಲ್ಲೂ ನಾನು ಬೇರೆಯವಳಾಗಬೇಕೇ?” ಎಂದು ಕೇಳಿದಳು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ವಂಶದವರಾದ ಸಿದ್ದಿಗಳು ಉತ್ತರ ಕನ್ನಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದಾರೆ. ಅವರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದದ್ದು ನನಗೆ ಗೊತ್ತಿದ್ದ ಸಂಗತಿಗಳೇ. ಇಷ್ಟು ತಿಳಿದೂ ಅವಳ ಮುಖವನ್ನು ತಿದ್ದಬೇಕಾದ ದೋಷವೆಂದೇ ಎಣಿಸಿದ್ದೆನಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ.

ಹೆಚ್ಚು ನೋಯಿಸುವ ಮಾತು ಬೇರೊಂದಿದೆ. ನಾನೂ ಕಪ್ಪು ಬಣ್ಣದವಳು. ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎಂಬ ಮಾತನ್ನು ಹೊಗಳಿಕೆಯೆಂದು ಕೇಳುತ್ತ ಬೆಳೆದವಳು. ಆ ‘ದ್ದರೂ’ ಎಷ್ಟು ಆಳಕ್ಕೆ ಇಳಿಯುತ್ತದೆಂಬುದು ಅದನ್ನು ಕೇಳಿಸಿಕೊಂಡವರಿಗೇ ಗೊತ್ತು. ಸಂಬಂಧ ನೋಡುವಾಗ ಮನೆಯವರು ನನ್ನ ಫೋಟೋವನ್ನು ಬೆಳ್ಳಗೆ ಮಾಡಿಸಿ ಕೊಟ್ಟಿದ್ದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, “ಫೋಟೋದಲ್ಲಿ ಬೇರೆ ಥರ ಇದ್ದಳಲ್ಲ” ಎಂದು ನನ್ನೆದುರೇ ಹೇಳಿ ಎದ್ದಿದ್ದರು. ಅಂದು ನನಗಾದ ಅವಮಾನವನ್ನು ಇಷ್ಟು ವರ್ಷ ನಾನೇ ಪುಟ ಪುಟವಾಗಿ ಇತರರಿಗೆ ಅಚ್ಚು ಹಾಕಿಸಿ ಕೊಟ್ಟಿದ್ದೇನೆ.

ಕೆಲಸದ ದೃಷ್ಟಿಯಿಂದ ಹೇಳುವುದಾದರೆ, ಆ ಚಿತ್ರಗಳಲ್ಲಿ ನಿಜವಾದ ತೊಂದರೆ ಬೆಳಕಿನದಾಗಿತ್ತು. ಕ್ಯಾಮೆರಾದ ಮೀಟರ್ ಎದುರಿನ ದೃಶ್ಯವನ್ನು ಮಧ್ಯಮ ಬೂದು ಎಂದು ಎಣಿಸಿ ಅಳೆಯುತ್ತದೆ. ಬಿಳಿ ಪಂಚೆ, ಜರಿ ಸೀರೆ, ಹಿಂದಿನ ಬಿಳಿ ಪರದೆ ಸೇರಿದರೆ ಎಕ್ಸ್‌ಪೋಜರ್ (ಚಿತ್ರಕ್ಕೆ ಸಿಗುವ ಬೆಳಕು) ಇಳಿದು ಮುಖದ ವಿವರಗಳೆಲ್ಲ ಕತ್ತಲಲ್ಲಿ ಮುಳುಗುತ್ತವೆ. ಮುಖಕ್ಕೇ ಮೀಟರ್ ಹಿಡಿದು, ಬೆಳಕನ್ನು ಮೃದುಗೊಳಿಸುವ ದೊಡ್ಡ ಸಾಫ್ಟ್‌ಬಾಕ್ಸನ್ನು ಪಕ್ಕದಿಂದ ಕೊಟ್ಟರೆ ಕೆನ್ನೆ, ಹಣೆಗಳ ಮೇಲೆ ಹೊಳಪು ತಾನಾಗಿಯೇ ಮೂಡುತ್ತದೆ. ಫಿಲಂ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕೊಡುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರ, ಅವಳ ಮೈಬಣ್ಣ ಸರಿ ಬಂದರೆ ಪ್ರಿಂಟ್ ಸರಿ ಎಂದರ್ಥ. ಆ ಕಾರ್ಡನ್ನು ಕಾಣದ ನಾವೂ ಅದೇ ಅಳತೆಯನ್ನು ಪ್ರಿಸೆಟ್‌ನಲ್ಲಿ ಇಟ್ಟುಕೊಂಡಿದ್ದೇವೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ನಮ್ಮ ಪ್ರಿಸೆಟ್ಟಿಗೂ ‘ಗ್ಲೋ’ ಎಂದೇ ಹೆಸರು.

ಕ್ಯಾಮೆರಾದಿಂದ ಬಂದ, ತಿದ್ದದ ಮೂಲ (ರಾ) ಫೈಲುಗಳು ಉಳಿದಿದ್ದರಿಂದ ಎರಡು ರಾತ್ರಿ ಕುಳಿತು ಎಲ್ಲ ಪುಟಗಳನ್ನೂ ಮತ್ತೆ ಮಾಡಿದೆ. ಪ್ರಿಂಟಿನ ಖರ್ಚಿನ ಅರ್ಧವನ್ನು ಮಾಲೀಕರು ನನ್ನ ಸಂಬಳದಲ್ಲಿ ಹಿಡಿದರು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪ್ರಿಸೆಟ್ ತೆಗೆದುಹಾಕೋಣ ಎಂದಾಗ, ಒಬ್ಬಳಿಗೋಸ್ಕರ ಅಂಗಡಿಯ ಪದ್ಧತಿ ಬದಲಾಗದು ಎಂದು ಅವರು ಮಾತು ಮುಗಿಸಿದ್ದು ತಪ್ಪು. ಈಗ ನನ್ನ ಕೈಗೆ ಬರುವ ಫೈಲುಗಳಿಗಷ್ಟೇ ನಾನು ಅದನ್ನು ಹಾಕುವುದಿಲ್ಲ. ಬುಕಿಂಗ್ ಪುಸ್ತಕದಲ್ಲಿ ಪ್ರತಿಯೊಬ್ಬರನ್ನೂ ಕೇಳಿ ‘ಮೈಬಣ್ಣ ಇದ್ದಂತೆಯೇ’ ಎಂದು ಬರೆದುಕೊಳ್ಳುತ್ತೇನೆ.

ಮೊನ್ನೆ ಒಬ್ಬ ತಾಯಿ ಮಗಳ ಫೋಟೋ ತಂದು, ಹುಡುಗನ ಕಡೆಯವರಿಗೆ ಕಳುಹಿಸಬೇಕು, ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಎಂದರು. ಮಗಳು ಬಾಗಿಲಿನ ಬಳಿ ನಿಂತಿದ್ದಳು. ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಹೊಸದಾಗಿ ಫೋಟೋ ತೆಗೆದು, ಏನನ್ನೂ ತಿದ್ದದೆ ಪರದೆಯ ಮೇಲೆ ತೋರಿಸಿದೆ. ಮಗಳು ಹತ್ತಿರ ಬಂದು ನೋಡಿದಳು. ತಾಯಿ ಬೇಡವೆಂದು ತಲೆಯಾಡಿಸಿ, ಅವಳನ್ನು ಕರೆದುಕೊಂಡು ಎದುರಿನ ಸ್ಟುಡಿಯೋಗೆ ಹೋದರು.