ಮಕ್ಕಳು ಬೇಡ ಅಂದವರ ಭಾನುವಾರ

ಹಾಸನ, 12 ಅಕ್ಟೋಬರ್ 2025, ಭಾನುವಾರ

ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆದಿರುವ ದಿನಗಳಲ್ಲಿ ಈ ಊರಿನ ಹೋಟೆಲುಗಳಲ್ಲಿ ಏಳೆಂಟು ಜನ ಕೂತು ಮಾತಾಡುವ ಹಾಗಿಲ್ಲ. ತಿಂಡಿ ಮುಗಿಯುವ ಮೊದಲೇ ಬೆನ್ನ ಹಿಂದೆ ಯಾರೋ ಬಂದು ನಿಂತಿರುತ್ತಾರೆ. ಹಾಗಾಗಿ ಈ ಸಲ ನಮ್ಮ ಗುಂಪು ಸೇರಿದ್ದು ಸಾಲಗಾಮೆ ರಸ್ತೆ ಕಡೆ ಇರುವ ಟೀಚರಮ್ಮನ ಮನೆಯಲ್ಲಿ. ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ಮಕ್ಕಳು ಬೇಡ ಅಂತ ತೀರ್ಮಾನ ಮಾಡಿಕೊಂಡವರು ತಿಂಗಳಿಗೊಮ್ಮೆ ಸೇರಿ ಕಾಫಿ ಕುಡಿಯುತ್ತೇವೆ, ಅಷ್ಟೇ.

ಅರಸೀಕೆರೆಯಿಂದ ಹೊಸ ಜೋಡಿ ಬಂದಿತ್ತು. ಹುಡುಗಿ ಕೇಳಿದಳು, "ಅಕ್ಕಾ, ಹೀಗೆ ಗುಂಪು ಕಟ್ಟೋದನ್ನ ಮೊದಲು ಶುರು ಮಾಡಿದ್ದು ಯಾರು?" ನನಗೆ ಇಂಥ ಪ್ರಶ್ನೆ ಸಿಕ್ಕಿದರೆ ಸಾಕು. ನಮ್ಮ ಯಜಮಾನರು "ಮುಗೀತು" ಅನ್ನೋ ಮುಖ ಮಾಡಿ ಬೋಂಡದ ತಟ್ಟೆ ಹತ್ತಿರ ಎಳೆದುಕೊಂಡರು.

1972ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಲೆನ್ ಪೆಕ್ ಮತ್ತು ಶರ್ಲಿ ರಾಡ್ಲ್ ಅನ್ನೋ ಇಬ್ಬರು ಹೆಂಗಸರು ನ್ಯಾಷನಲ್ ಆರ್ಗನೈಸೇಷನ್ ಫಾರ್ ನಾನ್-ಪೇರೆಂಟ್ಸ್ ಅನ್ನೋ ಸಂಸ್ಥೆ ಶುರು ಮಾಡಿದರು. ಜನಸಂಖ್ಯೆ ಜಾಸ್ತಿಯಾಯಿತು ಅಂತ ಎಲ್ಲ ಕಡೆ ಗಾಬರಿಯಿದ್ದ ಕಾಲ ಅದು. ಇವರ ವಾದಕ್ಕೂ ಆ ಗಾಳಿ ಬೆಂಬಲ ಕೊಟ್ಟಿತು. ಆಗಸ್ಟ್ 1ನ್ನು ತಂದೆ-ತಾಯಿ ಅಲ್ಲದವರ ದಿನ ಅಂತ ಆಚರಿಸಿದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸಮಾರಂಭ ಮಾಡಿ 'ವರ್ಷದ ತಂದೆಯಲ್ಲದವ', 'ವರ್ಷದ ತಾಯಿಯಲ್ಲದವಳು' ಅಂತ ಇಬ್ಬರನ್ನು ಸನ್ಮಾನ ಕೂಡ ಮಾಡಿದರು. ಸನ್ಮಾನ ಅಂದ ಕೂಡಲೇ ನಮ್ಮವರೆಲ್ಲ ನಕ್ಕರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಕಣ್ಣಿಗೆ ಬಂದಿರಬೇಕು.

1974ರದ್ದು ಮಾತ್ರ ನಗುವ ಕತೆಯಲ್ಲ. ಮಾರ್ಸಿಯಾ ಡ್ರುಟ್-ಡೇವಿಸ್ ಅನ್ನೋ ಶಿಕ್ಷಕಿ '60 ಮಿನಿಟ್ಸ್' ಟೀವಿ ಕಾರ್ಯಕ್ರಮದಲ್ಲಿ ಗಂಡನ ಜೊತೆ ಕೂತು, ಅತ್ತೆ-ಮಾವನ ಎದುರಿಗೇ, ನಮಗೆ ಮಕ್ಕಳು ಬೇಡ ಅಂದರು. ಪಾಠ ಹೇಳುವ ಕೆಲಸ ಹೋಯಿತು. ಕೊಲೆ ಬೆದರಿಕೆಗಳೂ ಬಂದವು. ಟೀಚರಮ್ಮ ಒಳಗಿಂದ ಕಾಫಿ ತರುತ್ತಿದ್ದವರು ಬಾಗಿಲಲ್ಲೇ ನಿಂತರು. "ಟೀವಿಯಲ್ಲಾ? ನಾನು ನಮ್ಮತ್ತೆಗೆ ಕೊನೇವರೆಗೂ ಡಾಕ್ಟರ ಹತ್ರ ತೋರಿಸ್ತಿದೀವಿ ಅಂತಲೇ ಹೇಳಿದ್ದು."

ಪೆಕ್, ರಾಡ್ಲ್ ಕಟ್ಟಿದ ಆ ಸಂಸ್ಥೆ ಆಮೇಲೆ ಹೆಸರು ಬದಲಿಸಿಕೊಂಡಿತು. 1982ರ ಹೊತ್ತಿಗೆ ಬಾಗಿಲು ಹಾಕಿತು. 1984ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಜೆರ್ರಿ ಸ್ಟೈನ್‌ಬರ್ಗ್ ಅನ್ನೋ ಮೇಷ್ಟರು 'ನೋ ಕಿಡ್ಡಿಂಗ್' ಶುರು ಮಾಡಿದರು. ಅವರ ತೊಂದರೆ ತುಂಬಾ ಸಣ್ಣದು. ಗೆಳೆಯರಿಗೆಲ್ಲ ಮಕ್ಕಳಾದ ಮೇಲೆ ಭಾನುವಾರ ಜೊತೆಗೆ ಯಾರೂ ಸಿಗುತ್ತಿರಲಿಲ್ಲ. ಚಳವಳಿ ಇಲ್ಲ, ಘೋಷಣೆ ಇಲ್ಲ. ಊಟಕ್ಕೆ ಹೋಗೋದು, ಸಿನಿಮಾಕ್ಕೆ ಹೋಗೋದು. ಅದು ಬೇರೆ ಬೇರೆ ದೇಶಗಳ ಊರೂರಿಗೆ ಹರಡಿತು. 2019ರಲ್ಲಿ ಬೆಂಗಳೂರಿನಲ್ಲೂ ಇಂಥವರು ಸಭೆ ಸೇರಿದ್ದರು, ಪೇಪರಿನಲ್ಲಿ ಬಂದಿತ್ತು. ಭೂಮಿ, ಪರಿಸರ ಅಂತ ಮಾತು ಅಲ್ಲಿ ಜಾಸ್ತಿ. ಅದೆಲ್ಲ ಸರಿಯೇ. ಆದರೆ ಹಾಸನದಂಥ ಊರಿನಲ್ಲಿ ನೆಂಟರ ಮದುವೆಗೆ ಹೋದಾಗ "ಏನಮ್ಮಾ, ಏನಾದ್ರೂ ವಿಶೇಷ?" ಅಂತ ಕೇಳುವವರ ಮುಂದೆ ಭೂಮಿಯ ಬಿಸಿ ಏರಿಕೆ ವಿವರಿಸೋಕಾಗುತ್ತಾ? ನನಗೆ ಸ್ಟೈನ್‌ಬರ್ಗ್ ದಾರಿಯೇ ಇಷ್ಟ.

ಅರಸೀಕೆರೆ ಹುಡುಗ ತನ್ನ ಕತೆ ಹೇಳಿದ. ವ್ಯಾಸೆಕ್ಟಮಿ, ಅಂದರೆ ಗಂಡಸರ ಸಂತಾನಹರಣ ಆಪರೇಷನ್, ಮಾಡಿಸಿಕೊಳ್ಳೋಣ ಅಂತ ಒಂದು ಆಸ್ಪತ್ರೆಗೆ ಹೋಗಿದ್ದನಂತೆ. ಡಾಕ್ಟರು "ಮೊದಲು ಒಂದು ಆಗಲಿ ಹೋಗಪ್ಪ" ಅಂತ ಬೆನ್ನು ತಟ್ಟಿ ಕಳಿಸಿದರಂತೆ. ಸರ್ಕಾರದ ನಿಯಮವೂ ಹಾಗೇ ಇದೆ. ಸಂತಾನಹರಣ ಚಿಕಿತ್ಸೆಗೆ ಬರುವ ದಂಪತಿಗೆ ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು. ಮಕ್ಕಳೇ ಬೇಡ ಅನ್ನುವವರು ಆ ಲೆಕ್ಕದಲ್ಲೇ ಇಲ್ಲ. ಇದೇ ನಾಡಿನಲ್ಲಿ 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು! ಆಮೇಲೆ ಗೋಡೆ ಗೋಡೆ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂತು. 'ಆರತಿಗೊಬ್ಬಳು ಕೀರ್ತಿಗೊಬ್ಬ' ಬಂತು. ಈಗ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಅಂತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಎರಡಕ್ಕೆ ಇಳಿದರೆ ಜಾಣರು, ಒಂದಕ್ಕೆ ಇಳಿದರೆ ಪರವಾಗಿಲ್ಲ. ಸೊನ್ನೆ ಅಂದರೆ ಮಾತ್ರ ಮನೆಯಲ್ಲಿ ಶಾಂತಿ ಹೋಮ.

ಇವತ್ತಿನ ನಿಜವಾದ ಮಾತುಕತೆ ಬೇರೆಯೇ ಇತ್ತು. ಟೀಚರಮ್ಮನ ಯಜಮಾನರು ತೀರಿಕೊಂಡು ಬಹಳ ವರ್ಷ ಆಯಿತು. ಈ ಮನೆ ಟೀಚರಮ್ಮ ತಮ್ಮ ಸ್ವಂತ ಸಂಬಳದಲ್ಲಿ ಕಟ್ಟಿದ್ದು. ತಮ್ಮ ನಂತರ ತಂಗಿ ಮಗಳಿಗೆ ಹೋಗುತ್ತೆ ಅಂತ ನಿಶ್ಚಿಂತೆಯಾಗಿದ್ದರು. ನಮ್ಮ ಗುಂಪಿನಲ್ಲಿ ವಕೀಲರ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬರಿದ್ದಾರೆ. ಅವರು ಹೇಳಿದರು, "ಇಲ್ಲ ಮೇಡಂ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಗಂಡ-ಮಕ್ಕಳು ಇಲ್ಲದ ಹೆಂಗಸು ಉಯಿಲು ಬರೆಯದೆ ತೀರಿಕೊಂಡರೆ, ಸ್ವಂತ ದುಡಿದು ಮಾಡಿದ ಆಸ್ತಿಯೂ ಮೊದಲು ಗಂಡನ ಕಡೆ ವಾರಸುದಾರರಿಗೇ ಹೋಗುತ್ತೆ. ತವರಿನವರದು ಆಮೇಲೆ."

ಟೀಚರಮ್ಮ ಕಾಫಿ ಲೋಟ ಕೆಳಗಿಟ್ಟರು. "ನನ್ನ ಮೈದುನನ ಮಕ್ಕಳಿಗಾ?" ಅಂದರು. "ಅವರು ನಮ್ಮನೆ ಹೊಸ್ತಿಲು ತುಳಿದು ಎಷ್ಟು ಕಾಲ ಆಯ್ತು!" ಎದ್ದು ಹೋಗಿ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಕ್ರಯಪತ್ರ, ಖಾತಾ, ಕಂದಾಯದ ರಸೀದಿಗಳು, ಸಾಲ ತೀರಿಸಿದ ಪತ್ರ. ಒಂದೊಂದನ್ನೂ ಟೀಪಾಯಿ ಮೇಲೆ ಬಿಡಿಸಿಟ್ಟು, "ಈಗಲೇ ಬರೆದುಬಿಡೋಣ" ಅಂದರು. ಛಾಪಾ ಕಾಗದ ಬೇಕಿಲ್ಲ, ಇಬ್ಬರು ಸಾಕ್ಷಿ ಸಾಕು, ಆದರೂ ನೋಂದಣಿ ಮಾಡಿಸಿದರೆ ಒಳ್ಳೆಯದು ಅಂತ ಸಮಾಧಾನ ಮಾಡಬೇಕಾಯಿತು.

ಅಲ್ಲಿಂದ ಮಾತು ಮುಪ್ಪಿನ ಕಡೆ ತಿರುಗಿತು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಮಕ್ಕಳಿಲ್ಲದವರ ಪ್ರಸ್ತಾಪ ಇದೆ ಅಂತ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ನಮ್ಮ ಆಸ್ತಿ ಯಾರಿಗೆ ಸೇರುತ್ತದೋ ಆ ಸಂಬಂಧಿಕರಿಂದ ಜೀವನಾಂಶ ಕೇಳಬಹುದು, ಎ.ಸಿ. (ಉಪವಿಭಾಗಾಧಿಕಾರಿ) ಆಫೀಸಿಗೆ ಅರ್ಜಿ ಹಾಕಬೇಕು. ಐಸಿಯುನಲ್ಲಿ ಬರೀ ಯಂತ್ರದ ಮೇಲೆ ಉಸಿರು ಹಿಡಿದಿಡಬೇಡಿ ಅಂತ ಮೊದಲೇ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿತ್ತು. 2023ರಲ್ಲಿ ಅದನ್ನು ಸುಲಭ ಮಾಡಿ, ಇಬ್ಬರು ಸಾಕ್ಷಿ ಮತ್ತು ನೋಟರಿ ಇದ್ದರೆ ಸಾಕು ಅಂದಿತು. ನಮ್ಮ ಪರವಾಗಿ ಮಾತಾಡುವವರು ಯಾರು ಅಂತಲೂ ಅದರಲ್ಲಿ ಹೆಸರು ಬರೆಯಬೇಕು. ಇಲ್ಲಿ ಎಲ್ಲರೂ ಸುಮ್ನಾದರು. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಮಕ್ಕಳಿದ್ದವರ ಮಕ್ಕಳೂ ಈಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ ಅಂತ ಸಮಾಧಾನ ಹೇಳಿಕೊಳ್ಳಬಹುದು. ಅದರಿಂದ ಖಾಲಿ ಜಾಗ ತುಂಬಲ್ಲ ಅಲ್ವಾ.

ಒಂದು ಜಗಳ ಬಾಕಿ ಉಳಿದಿದೆ. ಮಕ್ಕಳು ಬೇಕಿದ್ದೂ ಆಗದವರನ್ನು ಗುಂಪಿಗೆ ಸೇರಿಸೋಣವೇ? ಕೆಲವರು ಬೇಡ ಅಂತಾರೆ. ಊರಿನವರು ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ, ನಮಗೆ ಸಾಲುಮರದ ತಿಮ್ಮಕ್ಕನ ಉದಾಹರಣೆ ಕೊಡುತ್ತಾರೆ. ತಿಮ್ಮಕ್ಕ ಮಕ್ಕಳಾಗದ ನೋವಿನಲ್ಲಿ ಆಲದ ಗಿಡ ನೆಟ್ಟವರು. ನಮ್ಮದು ಆ ನೋವಲ್ಲ, ಅವರ ಹೆಸರು ಹೇಳಿಕೊಳ್ಳೋಕೆ ನಮಗೆ ಹಕ್ಕೂ ಇಲ್ಲ. ಆದರೆ ಉಯಿಲು, ಆಸ್ಪತ್ರೆ, ಮುಪ್ಪಿನ ವಿಷಯ ಇಬ್ಬರಿಗೂ ಒಂದೇ. ಆ ಮಾತಿನ ದಿನ ಅವರೂ ಬರಲಿ ಅಂತ ನನ್ನ ಅಭಿಪ್ರಾಯ. ಇವರು ಒಪ್ಪಿಲ್ಲ.

ನಮ್ಮ ಉಯಿಲೂ ಇನ್ನೂ ಬರೆದಿಲ್ಲ. ಇವರು ತಮ್ಮನ ಮಗನ ಹೆಸರು ಹೇಳುತ್ತಾರೆ, ನಾನು ನನ್ನ ಅಕ್ಕನ ಮಗಳು ಅಂತೀನಿ. ಮುಂದಿನ ತಿಂಗಳು ವಕೀಲರೇ ಬರುತ್ತಾರಂತೆ. ಎಲ್ಲರೂ ಆಧಾರ್, ಖಾತಾ ಜೆರಾಕ್ಸ್ ತರಬೇಕು. ಬೋಂಡದ ಜವಾಬ್ದಾರಿ ಅರಸೀಕೆರೆಯವರದು.