ಪುಟ್ಟ ಕಾಯಿ ಅಲ್ಲಾಡಿಸುವುದನ್ನು ಬಿಟ್ಟಾಗ

ನನ್ನ ತಮ್ಮನಿಗೆ ಈಗ 43 ವರ್ಷ. ಶಾಲೆಗೆ ಬರೆಸಿದ ಹೆಸರು ಬೇರೆ ಇದೆ, ಮನೆಯಲ್ಲೂ ಊರಲ್ಲೂ ಎಲ್ಲರಿಗೂ ಪುಟ್ಟ. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್ ಇದೆ. ತಿಪಟೂರು ಹತ್ತಿರದ ನಮ್ಮೂರಲ್ಲಿ ಅಮ್ಮನ ಜೊತೆ ಇರುತ್ತಾನೆ. ನಾನು ತುಮಕೂರಲ್ಲಿ ಕೆಲಸ ಮಾಡುತ್ತೇನೆ. ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ರೈಲಿಗೆ ವಾಪಸ್.

ನಮ್ಮದು ಕೊಬ್ಬರಿ ಮನೆ. ಅಟ್ಟಕ್ಕೆ ಹಾಕಿದ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಇರಬೇಕು. ಒಳಗಿನ ನೀರು ಬತ್ತಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು. ಸುಲಿದ ಮೇಲೆ ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ಪುಟ್ಟನ ಕೆಲಸ. ಗಿಟುಕು ಲೊಟಲೊಟ ಅಂದರೆ ಬಲಗಡೆ ರಾಶಿಗೆ. ನೀರಿನ ಸದ್ದು ಬಂದರೆ ಎಡಗಡೆಗೆ. ಅಪ್ಪ ಇದ್ದಾಗ ಕಲಿಸಿದ್ದು, ಕಲಿಯಲು ಎರಡು ವರ್ಷ ಹಿಡಿಯಿತು. ಪುಟ್ಟನಿಗೆ ಹತ್ತರ ಮೇಲೆ ಎಣಿಸಲು ಬರುವುದಿಲ್ಲ. ಆದರೆ ಈ ಕೆಲಸದಲ್ಲಿ ಅವನು ತಪ್ಪಿದ್ದು ನನಗೆ ನೆನಪಿಲ್ಲ.

2023ರ ಮಳೆಗಾಲ ಮುಗಿದ ಮೇಲೆ ತಪ್ಪಲು ಶುರುವಾಯಿತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಒಂದು ಕಾಯಿಯನ್ನು ಮೂರು ಮೂರು ಸಲ ಅಲ್ಲಾಡಿಸುತ್ತಿದ್ದ. ಆಮೇಲೆ ಅಲ್ಲಾಡಿಸುವುದನ್ನೇ ಬಿಟ್ಟ. ಕಾಯಿಯನ್ನು ತೊಡೆ ಮೇಲೆ ಇಟ್ಟುಕೊಂಡು ಸುಮ್ನೆ ಕೂತಿರುತ್ತಿದ್ದ. ಹಿಂದಿನಿಂದ ಯಾರಾದರೂ ಮುಟ್ಟಿದರೆ ಬೆಚ್ಚಿಬಿದ್ದು ಕೈ ಬೀಸುತ್ತಿದ್ದ. ಊಟ ಮಾಡಿದವನು ಅಲ್ಲೇ ನಿದ್ದೆ ಹೋಗುತ್ತಿದ್ದ.

"ಪುಟ್ಟ ಮಾತೇ ಆಡ್ತಿಲ್ಲ ಕಣೇ" ಎಂದು ಅಮ್ಮ ಫೋನ್ ಮಾಡಿದಾಗ, ನಾನು "ಚಳಿಗೆ ಇರಬೇಕಮ್ಮ" ಎಂದುಬಿಟ್ಟೆ. ಆ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಪಕ್ಕದ ಮನೆಯವರು "ಅವನು ಹುಟ್ಟಿದಾಗಿನಿಂದ ಹಾಗೇ ಅಲ್ವಾ" ಎಂದರು. ಹಾಗಲ್ಲ. ಪುಟ್ಟ ಹಾಗೆ ಯಾವತ್ತೂ ಇರಲಿಲ್ಲ.

ಜನವರಿಯಲ್ಲಿ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡೂವರೆ ಗಂಟೆ ಕಾದೆವು. ಆ ಸದ್ದು, ಆ ಜನ, ಆ ಟ್ಯೂಬ್‌ಲೈಟು ನೋಡಿ ಪುಟ್ಟ ಅಮ್ಮನ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕೂತ. ಒಳಗೆ ಹೋದ ಮೇಲೆ ಡಾಕ್ಟರು ಅವನ ಮುಖ ನೋಡಿ, ವಯಸ್ಸು ಕೇಳಿ, "ಇವರಿಗೆ ಈ ವಯಸ್ಸಲ್ಲಿ ಮರೆವಿನ ಕಾಯಿಲೆ ಶುರುವಾಗುತ್ತೆ, ಏನೂ ಮಾಡೋಕಾಗಲ್ಲ" ಎಂದರು. ಸಿಟ್ಟು ಕಡಿಮೆಯಾಗಲು ಒಂದು ಮಾತ್ರೆ ಬರೆದುಕೊಟ್ಟರು. ಕಿವಿ ನೋಡಲಿಲ್ಲ. ರಕ್ತ ಪರೀಕ್ಷೆಗೆ ಬರೆಯಲಿಲ್ಲ. ಪುಟ್ಟನ ಹತ್ತಿರ ಒಂದು ಮಾತೂ ಆಡಲಿಲ್ಲ. ಆ ಮಾತ್ರೆ ನುಂಗಿದ ಎರಡು ವಾರ ಅವನ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಬಚ್ಚಲಿಗೆ ಹೋಗಲೂ ಅಮ್ಮ ಹಿಡಿದುಕೊಳ್ಳಬೇಕಾಗಿತ್ತು. ಅಮ್ಮನಿಗೆ ಆಗಲೇ 72.

ಆ ಡಾಕ್ಟರು ಹೇಳಿದ್ದರಲ್ಲಿ ಅರ್ಧ ನಿಜ. ಡೌನ್ ಸಿಂಡ್ರೋಮ್ ಇರುವವರಿಗೆ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ. ಅಲ್ಜೈಮರ್ ಕಾಯಿಲೆಯಲ್ಲಿ ಮೆದುಳಲ್ಲಿ ಸೇರಿಕೊಳ್ಳುವ ಅಮೈಲಾಯ್ಡ್ ಇದೆಯಲ್ಲ, ಅದರ ಮೂಲ ಪ್ರೋಟೀನಿನ ಜೀನ್ ಇರುವುದು ಅದೇ ಕ್ರೋಮೋಸೋಮ್ ಮೇಲೆ. ಹಾಗಾಗಿ ಮರೆವಿನ ಕಾಯಿಲೆ ಇವರಿಗೆ ಬೇಗ ಬರಬಹುದು. ಆದರೆ ಥೈರಾಯ್ಡ್ ಕಡಿಮೆಯಾದರೂ ಮನುಷ್ಯ ಮಂಕಾಗುತ್ತಾನೆ. ಕಿವಿ ಕೇಳದಿದ್ದರೂ ಮಾತು ನಿಲ್ಲುತ್ತದೆ. ರಾತ್ರಿ ಉಸಿರು ಕಟ್ಟಿಕೊಂಡು ನಿದ್ದೆ ಕೆಟ್ಟರೂ ಹಗಲು ತೂಕಡಿಸುತ್ತಾನೆ. ಖಿನ್ನತೆ ಇದ್ದರೂ ಹೀಗೇ ಆಗುತ್ತದೆ. ಇವೆಲ್ಲ ಡೌನ್ ಸಿಂಡ್ರೋಮ್ ಇರುವವರಲ್ಲಿ ಜಾಸ್ತಿ. ಇವೆಲ್ಲಕ್ಕೂ ಚಿಕಿತ್ಸೆ ಇದೆ. ಮೊದಲು ಇವನ್ನು ನೋಡಿ, ಯಾವುದೂ ಅಲ್ಲ ಅಂತ ಆದ ಮೇಲೆ ತಾನೇ ಮರೆವಿನ ಮಾತು?

ಬುದ್ಧಿಮಾಂದ್ಯತೆ ಎಂಬ ಒಂದು ಪದ ಕಂಡ ಕೂಡಲೇ ಉಳಿದ ಕಾಯಿಲೆಗಳೆಲ್ಲ ಅದರ ನೆರಳಿಗೆ ಹೋಗಿಬಿಡುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೈಸ್ ಮತ್ತು ಅವರ ಜೊತೆಯವರು 1982ರಲ್ಲಿ ಇದಕ್ಕೆ ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್ ಅಂತ ಹೆಸರಿಟ್ಟರು. ಇಂಗ್ಲೆಂಡಿನಲ್ಲಿ ಬುದ್ಧಿಮಾಂದ್ಯತೆ ಇರುವವರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2013ರಲ್ಲಿ ಒಂದು ವರದಿ ಬಂತು. ಉಳಿದ ಜನರಿಗೆ ಹೋಲಿಸಿದರೆ ಗಂಡಸರು 13 ವರ್ಷ, ಹೆಂಗಸರು 20 ವರ್ಷ ಮೊದಲೇ ತೀರಿಕೊಳ್ಳುತ್ತಿದ್ದರು. ಹೆಂಗಸರ ಲೆಕ್ಕ ಓದಿದಾಗ ನನಗೆ ನಮ್ಮ ಕಡೆಯ ತಪಾಸಣಾ ಶಿಬಿರಗಳು ನೆನಪಾದವು. ನಾನು ಪುಟ್ಟನನ್ನು ಕರೆದುಕೊಂಡು ಹೋದ ಶಿಬಿರಗಳಲ್ಲಿ ಗಂಡುಮಕ್ಕಳೇ ಜಾಸ್ತಿ ಇರುತ್ತಿದ್ದರು. ಇಂಥ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಇಲ್ಲ ಅಂತಲ್ಲ. ಅವರನ್ನು ಮನೆಯಿಂದ ಹೊರಗೆ ಕರೆತಂದಿರುವುದಿಲ್ಲ.

ಮಾತ್ರೆ ನಿಲ್ಲಿಸಿದ ಮೇಲೆ ಏನು ಮಾಡಬೇಕು ಅಂತ ತಿಳಿಯಲಿಲ್ಲ. ದಾರಿ ತೋರಿಸಿದವರು ನಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರಿಗೇ ಪೋಲಿಯೋದಿಂದ ಒಂದು ಕಾಲು ಸ್ವಾಧೀನವಿಲ್ಲ. ಪುಟ್ಟನ ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ಗುರುತಿನ ಚೀಟಿ, ಮಾಡಿಸುವಾಗಲೂ ನಮ್ಮ ಜೊತೆ ಓಡಾಡಿದ್ದವರು ಅವರೇ. ಮನೆಗೆ ಬಂದವರು ಜಗಲಿ ಮೇಲೆ ಪುಟ್ಟನ ಪಕ್ಕ ಕೂತು, ಅವನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು. ಪುಟ್ಟ ತಿರುಗಲಿಲ್ಲ. ಇನ್ನೊಮ್ಮೆ ಜೋರಾಗಿ ತಟ್ಟಿದರು. ಆಗಲೂ ತಿರುಗಲಿಲ್ಲ. "ಅಕ್ಕಾ, ಇವರಿಗೆ ಕಿವಿ ಕೇಳಿಸ್ತಿಲ್ಲ ಕಣ್ರೀ" ಎಂದರು.

ಆಗ ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತವರು ಅಲ್ಲೇ ಕುಸಿದು ಕೂತರು. ಗೌರಿ ಹಬ್ಬದ ಹೊತ್ತಿಗೆ ಪುಟ್ಟ ಕಿವಿ ಮುಟ್ಟಿಕೊಂಡು "ಇರುವೆ, ಇರುವೆ" ಎಂದಿದ್ದನಂತೆ. ಅಮ್ಮ ಟಾರ್ಚ್ ಬಿಟ್ಟು ನೋಡಿ, ಇರುವೆ ಕಾಣದೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಎರಡು ತೊಟ್ಟು ಬಿಟ್ಟಿದ್ದರು. ನಾಲ್ಕು ದಿನ ಹೇಳಿದವನು ಆಮೇಲೆ ಹೇಳುವುದನ್ನು ಬಿಟ್ಟ. ಅವನು ತನಗೆ ಗೊತ್ತಿದ್ದ ಮಾತಲ್ಲಿ ಹೇಳಿಯೇ ಇದ್ದ.

ಈ ಸಲ ಕಿವಿ ಡಾಕ್ಟರ ಹತ್ತಿರ ಹೋದೆವು. ಕಾಯುವ ಸಾಲಿನಲ್ಲಿ ನಿಲ್ಲದೆ ನೇರವಾಗಿ ಕೌಂಟರಿಗೆ ಹೋಗಿ ಪುಟ್ಟನ ಹಳದಿ ಯುಡಿಐಡಿ ಕಾರ್ಡು ತೋರಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಚಿಕಿತ್ಸೆಯಲ್ಲಿ ಇವರಿಗೆ ಆದ್ಯತೆ ಕೊಡಬೇಕು ಅನ್ನುತ್ತದೆ. ಅಷ್ಟು ದಿನ ಅದನ್ನು ಬಾಯಿಬಿಟ್ಟು ಕೇಳಲು ನನಗೇ ಸಂಕೋಚವಿತ್ತು. ಬೇರೆಯವರೂ ಕಾಯುತ್ತಿದ್ದಾರಲ್ಲ ಅನ್ನಿಸುತ್ತಿತ್ತು. ಈಗ ಕೇಳುತ್ತೇನೆ. ಎರಡು ಗಂಟೆ ಕಾದ ಮೇಲೆ ಪುಟ್ಟ ಯಾರಿಗೂ ಕಿವಿ ಮುಟ್ಟಲು ಬಿಡುವುದಿಲ್ಲ. ಹಾಗೇ ವಾಪಸ್ ಬರಬೇಕಾಗುತ್ತದೆ.

ಆ ಡಾಕ್ಟರಮ್ಮ ಮೊದಲು ಪುಟ್ಟನ ಮುಂದೆ ಸ್ಟೂಲು ಎಳೆದುಕೊಂಡು ಕೂತರು. ಕಿವಿಗೆ ಇಡುವ ಲೈಟನ್ನು ಅವನ ಕೈಗೆ ಕೊಟ್ಟರು. ಪುಟ್ಟ ಅದನ್ನು ಹತ್ತಿಸಿ ಆರಿಸಿ ಮಾಡಿದ. ನನ್ನ ಕಿವಿಯೊಳಗೆ ನೋಡಿದ. ಆಮೇಲೆ ತಾನಾಗಿಯೇ ತಲೆ ವಾಲಿಸಿದ. ಎರಡೂ ಕಿವಿಯಲ್ಲಿ ಗುಗ್ಗೆ ಕಲ್ಲಾಗಿ ಕೂತಿತ್ತು. ಇವರ ಕಿವಿಯ ದಾರಿ ಹುಟ್ಟಿನಿಂದಲೇ ಕಿರಿದು, ಅದಕ್ಕೇ ಬೇಗ ಕಟ್ಟಿಕೊಳ್ಳುತ್ತದೆ ಎಂದರು. ಐದು ದಿನ ಡ್ರಾಪ್ಸ್ ಹಾಕಿ ಮೆತ್ತಗೆ ಮಾಡಿ, ಆರನೇ ದಿನ ತೆಗೆದರು. ಹೊರಗೆ ಬಂದಾಗ ಬೀದಿಯಲ್ಲಿ ಆಟೋ ಹಾರ್ನ್ ಹೊಡೆಯಿತು. ಪುಟ್ಟ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ನಕ್ಕ. ನಾಲ್ಕು ತಿಂಗಳ ಮೇಲೆ ನಾನು ಅವನ ನಗು ನೋಡಿದ್ದು.

ಆದರೂ ಅವನ ಮಂಕು ಪೂರ್ತಿ ಹೋಗಲಿಲ್ಲ. ಆ ಡಾಕ್ಟರಮ್ಮನೇ "ಥೈರಾಯ್ಡ್ ಯಾವಾಗ ಮಾಡಿಸಿದ್ದಿರಿ?" ಎಂದು ಕೇಳಿದ್ದರು. ಮಾಡಿಸಿರಲೇ ಇಲ್ಲ. ಡೌನ್ ಸಿಂಡ್ರೋಮ್ ಇರುವವರಿಗೆ ವರ್ಷಕ್ಕೊಮ್ಮೆ ಥೈರಾಯ್ಡಿನ ರಕ್ತ ಪರೀಕ್ಷೆ, ಅಂದರೆ ಟಿಎಸ್‌ಎಚ್ ನೋಡಿಸಬೇಕು ಅಂತ ಅಲ್ಲಿಯವರೆಗೆ ನಮಗೆ ಯಾರೂ ಹೇಳಿರಲಿಲ್ಲ. ಥೈರಾಯ್ಡ್ ಕಡಿಮೆಯಾದರೆ ಈ ಅಂಕಿ ಏರುತ್ತದೆ. ಸುಮಾರು ನಾಲ್ಕು ಐದರೊಳಗೆ ಇರಬೇಕಾದ್ದು 38 ಇತ್ತು. ಹಿಮ್ಮಡಿ ಒಡೆದದ್ದು, ಮಲಬದ್ಧತೆ, ಗಂಟಲು ಗೊಗ್ಗರಾದದ್ದು, ಮುಖ ಊದಿದ್ದು, ಎಲ್ಲಕ್ಕೂ ಅದೇ ಕಾರಣ. ಅಮ್ಮ "ಮೈ ಬಂದಿದೆ" ಎಂದು ಖುಷಿಪಟ್ಟಿದ್ದರು, ಪಾಪ.

ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ. ಅದಾಗಿ ಅರ್ಧ ಗಂಟೆ ಕಾಫಿ ಕುಡಿಯುವ ಹಾಗಿಲ್ಲ. ಎದ್ದ ಕೂಡಲೇ ಕಾಫಿ ಕುಡಿದು ಅಭ್ಯಾಸವಾದವನಿಗೆ ಇದೇ ದೊಡ್ಡ ಕಷ್ಟ. ಗಡಿಯಾರದ ದೊಡ್ಡ ಮುಳ್ಳು ಎಲ್ಲಿಗೆ ಬರಬೇಕೋ ಅಲ್ಲಿ ಕುಂಕುಮ ಹಚ್ಚಿಟ್ಟೆ. ಪುಟ್ಟ ಲೋಟ ಹಿಡಿದುಕೊಂಡು ಗಡಿಯಾರದ ಎದುರಿಗೆ ಕೂರುತ್ತಾನೆ. ಮುಳ್ಳು ಕುಂಕುಮ ಮುಟ್ಟಿತೋ, "ಅಮ್ಮಾ, ಕಾಪಿ!"

ಇಷ್ಟೆಲ್ಲ ಆದ ಮೇಲೆ ನಾನು ಒಂದು ಹಾಳೆ ಬರೆದು ಲ್ಯಾಮಿನೇಟ್ ಮಾಡಿಸಿದೆ. ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ಕೊಡುತ್ತೇನೆ. ಇಂಗ್ಲೆಂಡಿನಲ್ಲಿ ಇದಕ್ಕೆ ಹಾಸ್ಪಿಟಲ್ ಪಾಸ್‌ಪೋರ್ಟ್ ಅನ್ನುತ್ತಾರೆ. ಅಲ್ಲಿ 14 ವರ್ಷದಿಂದ ಮೇಲಿನ ಇಂಥವರನ್ನು ವರ್ಷಕ್ಕೊಮ್ಮೆ ಕರೆದು ತಪಾಸಣೆ ಮಾಡುವ ಪದ್ಧತಿಯೂ ಇದೆ. ನಮ್ಮಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದನ್ನು ಮಾಡಬಹುದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಊರಲ್ಲಿ ಇಂಥವರು ಯಾರು ಯಾರು ಇದ್ದಾರೆ ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಕಿವಿ, ಕಣ್ಣು, ಹಲ್ಲು, ತೂಕ, ಥೈರಾಯ್ಡ್. ಇದಕ್ಕೇನು ದೊಡ್ಡ ಆಸ್ಪತ್ರೆ ಬೇಕಾಗಿಲ್ಲ.

ನನ್ನ ಹಾಳೆಯಲ್ಲಿ ಹೀಗೆ ಇದೆ. ನೋವು ಯಾವುದೇ ಇರಲಿ, ಪುಟ್ಟ ಅದಕ್ಕೆ "ಇರುವೆ" ಅನ್ನುತ್ತಾನೆ. "ನೋವಿದೆಯಾ" ಎಂದು ಕೇಳಿದರೆ "ಇದೆ" ಅನ್ನುತ್ತಾನೆ, "ನೋವಿಲ್ಲ ಅಲ್ವಾ" ಎಂದರೆ "ಇಲ್ಲ" ಅನ್ನುತ್ತಾನೆ. ಕೇಳಿದವರಿಗೆ ಬೇಜಾರಾಗಬಾರದು ಅಂತ. ಹಾಗಾಗಿ "ಇರುವೆ ಎಲ್ಲಿ, ತೋರಿಸು" ಅನ್ನಿ, ಬೆರಳು ಇಟ್ಟು ತೋರಿಸುತ್ತಾನೆ. ಕುತ್ತಿಗೆಯನ್ನು ಜೋರಾಗಿ ಬಗ್ಗಿಸಬೇಡಿ, ಇವರಿಗೆ ಕುತ್ತಿಗೆಯ ಮೇಲಿನ ಮೂಳೆಗಳ ಕೀಲು ಸಡಿಲ ಇರಬಹುದು. ರಕ್ತ ತೆಗೆಯುವಾಗ ನಾಲ್ಕು ಜನ ಸೇರಿ ಅದುಮಿ ಹಿಡಿಯಬೇಡಿ. ಹತ್ತಿ ಉಂಡೆ ಅವನ ಕೈಗೆ ಕೊಟ್ಟು ಹತ್ತರವರೆಗೆ ಎಣಿಸಲು ಹೇಳಿ. ಒಮ್ಮೆ ಲ್ಯಾಬಿನಲ್ಲಿ ಹಾಗೆ ಅದುಮಿ ಹಿಡಿದಿದ್ದರು. ಆ ದಿನದ ಕೂಗು ನಾನು ಮರೆತಿಲ್ಲ.

ದುಡ್ಡಿನ ವಿಷಯ ಎರಡು ಮಾತಲ್ಲಿ ಹೇಳುತ್ತೇನೆ, ಗೊತ್ತಿಲ್ಲದವರು ತುಂಬಾ ಜನ ಇದ್ದಾರೆ. ಇಂಥವರಿಗಾಗಿ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ವಯಸ್ಸಿನ ಮಿತಿ ಇಲ್ಲ, ಸೇರುವ ಮೊದಲು ವೈದ್ಯಕೀಯ ಪರೀಕ್ಷೆಯೂ ಇಲ್ಲ. ಮೊದಲು ನಾವು ಕಟ್ಟಿ ಆಮೇಲೆ ಬಿಲ್ಲು ಕಳಿಸಬೇಕು, ಹಾಗಾಗಿ ಒಂದು ಚೀಟಿಯನ್ನೂ ಎಸೆಯಬೇಡಿ. ಇನ್ನೊಂದು, 18 ತುಂಬಿದ ಮೇಲೆ ತಂದೆ ತಾಯಿಯೂ ತಾನಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಅಮ್ಮನ ನಂತರ ಪುಟ್ಟನ ಪರವಾಗಿ ಸಹಿ ಹಾಕುವವರು ಯಾರು ಅನ್ನುವುದನ್ನು ಅಮ್ಮ ಗಟ್ಟಿಯಾಗಿ ಇರುವಾಗಲೇ ಮಾತಾಡಿ ಮುಗಿಸಿದೆವು. ಆ ದಿನ ಅಮ್ಮ ಊಟ ಮಾಡಲಿಲ್ಲ.

ಕಳೆದ ವರ್ಷ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಹೋಗಿ ಬಂದೆವು. ಸದ್ದು ಕೇಳಿದಾಗಲೆಲ್ಲ ಒಂದು ಮಣಿಯನ್ನು ಡಬ್ಬಿಗೆ ಹಾಕುವುದು ಅಲ್ಲಿನ ಪರೀಕ್ಷೆ. ಪುಟ್ಟನಿಗೆ ಅದು ಕಾಯಿ ವಿಂಗಡಿಸುವ ಕೆಲಸದ ಹಾಗೇ ಕಂಡಿರಬೇಕು. ಬೆನ್ನು ನೆಟ್ಟಗೆ ಮಾಡಿ ಕೂತು, ಕಣ್ಣು ಅರ್ಧ ಮುಚ್ಚಿ, ಅಷ್ಟು ಶ್ರದ್ಧೆಯಿಂದ ಮಾಡಿದ. ಎಡಗಿವಿಯಲ್ಲಿ ಸ್ವಲ್ಪ ಕಡಿಮೆ ಇದೆ ಅಂತ ಬಂತು.

ಅಮ್ಮ ಹಳೇ ಹಾಲಿನ ಲೆಕ್ಕದ ಪುಸ್ತಕದಲ್ಲಿ ಈಗ ಪುಟ್ಟನ ದಿನಚರಿ ಬರೆಯುತ್ತಾರೆ. ಊಟ, ನಿದ್ದೆ, ಹೊಟ್ಟೆ, ಅಟ್ಟ, ಇಷ್ಟೇ. ಸುಮ್ಮನಾಗಿದ್ದಾನೆ, ಸಿಟ್ಟಾಗಿದ್ದಾನೆ ಅನ್ನಿಸಿದ ದಿನ ಪಕ್ಕದಲ್ಲಿ ಒಂದು ಚುಕ್ಕಿ. ಮೂರು ಚುಕ್ಕಿ ಒಟ್ಟಿಗೆ ಬಂದರೆ ನನಗೆ ಫೋನು. ಶನಿವಾರ ಊರಿಗೆ ಹೋದಾಗ ಕಾಲು ತೊಳೆದು ಮೊದಲು ನೋಡುವುದೇ ಆ ಪುಸ್ತಕವನ್ನು. ಮೊನ್ನೆಯ ಸಾಲು ಹೀಗಿತ್ತು: "ಮುದ್ದೆ ಒಂದು. ಮಧ್ಯಾಹ್ನ ಮಲಗಲಿಲ್ಲ. ಅಟ್ಟ ಎರಡು ಗಂಟೆ. ನಾನು ಬಲಕ್ಕೆ ಹಾಕಿದ್ದ ಒಂದು ಕಾಯಿ ತೆಗೆದು ಎಡಕ್ಕೆ ಹಾಕಿದ. ಒಡೆಸಿ ನೋಡಿದೆ, ನೀರಿತ್ತು."